ಓರಗಿತ್ತಿಯರ ಗಿರಣಿ

ನಾನು ಹಿಟ್ಟಿನ ಗಿರಣಿ. ಹುಟ್ಟಿದ್ದು ಕೊಯಮತ್ತೂರಿನ ಒಂದು ಎರಕದ ಕಾರ್ಖಾನೆಯಲ್ಲಿ. ಕಾದು ನೀರಾಗಿದ್ದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದರು. ಆರಿದ ಮೇಲೆ ಒಬ್ಬ ಮುದುಕ ನನ್ನ ಮೈಯ ಒರಟನ್ನೆಲ್ಲ ಅರದಿಂದ ಉಜ್ಜಿ ತೆಗೆದ. ಹೊಟ್ಟೆಯೊಳಗೆ ಎರಡು ಕಲ್ಲು ಕೂರಿಸಿದರು. ಒಂದು ಸುಮ್ಮನೆ ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ತಲೆಯ ಮೇಲೆ ಕಾಳು ಸುರಿಯಲು ಅಗಲವಾದ ತಗಡಿನ ಬಾಯಿ, ಮುಂದೆ ಹಿಟ್ಟು ಇಳಿಯಲು ಬಟ್ಟೆಯ ತೋಳು. ಕೊನೆಗೆ ಹಸಿರು ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿದರು. ಪಕ್ಕದಲ್ಲಿದ್ದ ಇನ್ನೊಂದು ಗಿರಣಿಗೆ ಕೆಂಪು ಬಣ್ಣ. ಕೊಳ್ಳಲು ಬಂದವರೆಲ್ಲ ಮೊದಲು ಅದನ್ನೇ ಮುಟ್ಟಿ ನೋಡುತ್ತಿದ್ದರು. ನಾನು ಪಟ್ಟ ಮೊದಲ ಹೊಟ್ಟೆಕಿಚ್ಚು ಅದು. ಆಗ ನನಗೆ ಇನ್ನೂ ಒಂದು ಕಾಳನ್ನು ಬೀಸಿ ಗೊತ್ತಿರಲಿಲ್ಲ.

ಬೆಂಗಳೂರಿನಿಂದ ಬಂದ ಮಲ್ಲಾರಾಧ್ಯರು ಮಾತ್ರ ಕೆಂಪಿನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು, ಕಲ್ಲಿನ ಮೇಲೆ ಅಂಗೈ ಸವರಿ, "ಇದನ್ನ ಲಾರಿಗೆ ಹಾಕ್ಸಿ" ಎಂದರು. ದಾರಿಯುದ್ದಕ್ಕೂ ನಾನು ಆ ಮಾತನ್ನೇ ನೆನೆಯುತ್ತ ಬಂದೆ.

ನನ್ನನ್ನು ಇಳಿಸಿದ್ದು ಅಗಸರ ಬಾವಿ ಬೀದಿಯಲ್ಲಿ. ಬಾವಿಯನ್ನು ಎಂದೋ ಮುಚ್ಚಿದ್ದರು, ಹೆಸರು ಉಳಿದಿತ್ತು. ಬೀದಿಯ ಒಂದು ಮಗ್ಗುಲಿಗೆ ಸಾಲುಮನೆಗಳ ವಠಾರ, ಇನ್ನೊಂದು ಮಗ್ಗುಲಿಗೆ ಮಲ್ಲಾರಾಧ್ಯರ ಮನೆ, ಅವರ ಸೌದೆ ಡಿಪೋ, ಈಗ ನಾನು. ನನಗೂ ಸೌದೆ ಡಿಪೋಗೂ ನಡುವೆ ಒಂದೇ ಗೋಡೆ. ಸಾಮಾನು ಆಚೀಚೆ ದಾಟಿಸಲು ಆ ಗೋಡೆಯಲ್ಲೊಂದು ಕಿಂಡಿ ಇತ್ತು.

ಅರಿಶಿನ ಕುಂಕುಮ ಹಚ್ಚಿ, ಮೊದಲು ಅಕ್ಕಿ ಹಾಕಿ ನನ್ನನ್ನು ತಿರುಗಿಸಿದರು. ಮರುದಿನದಿಂದ ಬೀದಿಯ ಹೆಂಗಸರೆಲ್ಲ ನನ್ನ ಮುಂದೆ ಬಂದು ನಿಂತರು. ರಾಗಿ, ಗೋಧಿ, ಜೋಳ, ಹಬ್ಬದ ಹಿಂದಿನ ವಾರ ಕಡಲೆಬೇಳೆ, ಚಕ್ಕುಲಿ ಹಿಟ್ಟು. ತಗಡಿನ ಡಬ್ಬಗಳು ಸಾಲಾಗಿ ಕೂತಿರುತ್ತಿದ್ದವು, ಅವುಗಳ ಹಿಂದೆ ಮಾತು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಅತ್ತೆ ಯಾವ ಮಗನ ಮನೆಗೆ ಹೋದಳು ಎಂಬುದೆಲ್ಲ ನನ್ನ ಸದ್ದಿಗಿಂತ ಮೇಲೆ ಕೂಗಿ ಹೇಳಬೇಕಾಗಿದ್ದರಿಂದ ಆ ಬೀದಿಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ವಠಾರದ ಹೂವಿನ ಹೊನ್ನಮ್ಮ ಬುಟ್ಟಿ ಕೆಳಗಿಟ್ಟು, ರಾಗಿಯ ಡಬ್ಬ ನನ್ನ ಬಾಯಿಗೆ ತಾನೇ ಸುರಿದು, ಹೋಗುವಾಗ ಒಂದು ತುಂಡು ಕನಕಾಂಬರ ಕಲ್ಲು ಬಿಗಿಸುವ ನನ್ನ ತಿರುಪಿಗೆ ಸಿಕ್ಕಿಸುತ್ತಿದ್ದಳು. ನನಗೆ ಇನ್ನೇನು ಬೇಕಿತ್ತು?

ಮಲ್ಲಾರಾಧ್ಯರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಷಡಕ್ಷರಪ್ಪ, ಚಿಕ್ಕವನು ಉಮಾಪತಿ. ದೊಡ್ಡವನಿಗೆ ತಿಪಟೂರು ಕಡೆಯ ಸರ್ವಮಂಗಳ ಹೆಂಡತಿಯಾಗಿ ಬಂದಳು, ಅದೇ ವರ್ಷ ಚಿಕ್ಕವನಿಗೆ ಶಶಿರೇಖಾ ಬಂದಳು. ಷಡಕ್ಷರಪ್ಪನಿಗೆ ಉಬ್ಬಸ. ಹಿಟ್ಟಿನ ಧೂಳು ಮೂಗಿಗೆ ಹೋದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ಹಾಗಾಗಿ ನನ್ನ ಹತ್ತಿರ ನಿಲ್ಲುವ ಕೆಲಸ ಸರ್ವಮಂಗಳೆಯ ಪಾಲಿಗೆ ಬಂತು.

ಅವಳು ಎತ್ತರದ ಹೆಣ್ಣು. ಮಾತು ಕಡಿಮೆ. ತಲೆಗೆ ಟವೆಲು ಸುತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆ ಮಧ್ಯಾಹ್ನದ ಹೊತ್ತಿಗೆ ರೆಪ್ಪೆಯವರೆಗೂ ಬೆಳ್ಳಗಾಗಿರುತ್ತಿದ್ದಳು. ಶಶಿರೇಖಾ ಗಿಡ್ಡಕ್ಕೆ, ಚುರುಕಾಗಿ, ಸುಮ್ಮಸುಮ್ಮನೆ ನಗುವವಳು. ಮನೆಕೆಲಸ ಮುಗಿಸಿ ಓಡಿಬಂದು ಡಬ್ಬಗಳ ಮುಚ್ಚಳ ಹಾಕುವುದು, ಹರಿದ ಬಟ್ಟೆಯ ತೋಳು ಹೊಲಿಯುವುದು ಅವಳ ಕೆಲಸ. ನನ್ನಿಂದ ಇಳಿಯುವ ಹಿಟ್ಟಿನ ಕೆಳಗೆ ಕೈ ಹಿಡಿದು, "ಅಕ್ಕ, ಬಿಸಿ ನೋಡಿ, ಕೂಸಿನ ಕೆನ್ನೆ ಮುಟ್ಟಿದ ಹಾಗಿದೆ" ಎನ್ನುತ್ತಿದ್ದಳು.

"ಕೈ ತೆಗಿ, ತೋಳು ಸಿಕ್ಕೊಂಡೀತು" ಎಂದು ಸರ್ವಮಂಗಳ ಗದರುತ್ತಿದ್ದಳು. ಗದರುವಾಗ ಅವಳ ಮುಖ ಸಡಿಲವಾಗಿರುತ್ತಿತ್ತು. ಅವರಿಬ್ಬರ ನಡುವೆ ಆಗ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಮಲ್ಲಾರಾಧ್ಯರು ತೀರಿಕೊಂಡ ಮೇಲೆ ಪಾಲಾಯಿತು. ನೆಂಟರಲ್ಲಿ ಹಿರಿಯರಾದವರು ನನ್ನ ಮುಂದೆಯೇ ಚಾಪೆ ಹಾಸಿ ಕೂತರು. ಮನೆಯನ್ನು ಎರಡು ಭಾಗ ಮಾಡುವುದಕ್ಕೆ ತಕರಾರು ಬರಲಿಲ್ಲ. ಉಳಿದದ್ದು ಗಿರಣಿ ಮತ್ತು ಸೌದೆ ಡಿಪೋ.

"ದೊಡ್ಡೋನು ನೀನು, ನೀನೇ ಮೊದ್ಲು ಹೇಳು" ಎಂದರು.

ಷಡಕ್ಷರಪ್ಪ ಹೆಂಡತಿಯ ಕಡೆ ನೋಡಿದ. ಸರ್ವಮಂಗಳ ನನ್ನ ಮೈಗೆ ಒರಗಿ ನಿಂತಿದ್ದಳು. ನನ್ನ ತಿರುಪಿನ ಮೇಲೆ ಕೈ ಇಟ್ಟಳು, ಅಷ್ಟೆ.

"ಗಿರಣಿ ನಮಗಿರಲಿ" ಎಂದ ಷಡಕ್ಷರಪ್ಪ.

ಆಗಲೇ ಮನೆಮನೆಗೆ ಗ್ಯಾಸ್ ಬರುತ್ತಿತ್ತು. ಸೌದೆಗೆ ಕಾಲವಿಲ್ಲ ಎಂದು ಚಾಪೆಯ ಮೇಲೆ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಉಮಾಪತಿ ತಲೆ ತಗ್ಗಿಸಿದ. ಎಲ್ಲರೂ ಎದ್ದುಹೋದ ಮೇಲೆ ಶಶಿರೇಖಾ ಒಬ್ಬಳೇ ಒಳಗೆ ಬಂದು ನನ್ನ ಮುಂದೆ ನಿಂತಳು. ಸರ್ವಮಂಗಳ ಕಸ ಗುಡಿಸುತ್ತಿದ್ದಳು.

"ನಿಮಗೆ ಕಲ್ಲು ಬಂತು, ನಮಗೆ ಬರೀ ಗೋಡೆ ಬಂತು ಅಕ್ಕ" ಎಂದಳು ಶಶಿರೇಖಾ.

"ನಾನೇನು ಕೇಳ್ದೆನಾ? ಅವರು ಹೇಳಿದ್ದು."

"ಹೌದು, ಅವರೇ ಹೇಳಿದ್ದು" ಎಂದು ಶಶಿರೇಖಾ ನನ್ನ ತಿರುಪನ್ನೇ ನೋಡುತ್ತ ನಿಂತಿದ್ದು ಹೋದಳು. ಮರುವಾರ ಕಿಂಡಿಗೆ ಹಲಗೆ ಬಡಿದರು.

ಹೊಟ್ಟೆಕಿಚ್ಚಿನ ಕಣ್ಣು ಹೇಗಿರುತ್ತದೆ ಎಂದು ಎದುರಿನಿಂದ ನೋಡಿದ್ದು ನಾನು ಅವತ್ತೇ. ನಿಜ ಹೇಳಬೇಕೆಂದರೆ ನನಗೆ ಅದು ಹಿತವಾಗಿತ್ತು. ಸರ್ವಮಂಗಳೆಗೂ ಹಿತವಾಗಿತ್ತು ಎಂದು ಅವಳು ಗುಡಿಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಸೌದೆ ಡಿಪೋ ಮುಚ್ಚಿತು. ಉಮಾಪತಿ ಯಾರದೋ ಟೆಂಪೋ ಓಡಿಸಲು ಹೋದ. ಶಶಿರೇಖಾ ಹಪ್ಪಳ ಸಂಡಿಗೆ ಮಾಡಿ ಮನೆಮನೆಗೆ ಹೊತ್ತಳು. ಸರ್ವಮಂಗಳ ಕೈ ಬಿಗಿಯವಳಲ್ಲ. ವಾರಕ್ಕೊಂದು ಡಬ್ಬ ಹಿಟ್ಟು ಓರಗಿತ್ತಿಗೆಂದು ತೆಗೆದಿಡುತ್ತಿದ್ದಳು. ಆದರೆ ಅದನ್ನು ಕೊಡುವುದು ಮಾತ್ರ ನನ್ನ ಮುಂದೆ ಹೆಂಗಸರು ತುಂಬಿರುವ ಹೊತ್ತಿನಲ್ಲಿ. "ಶಶೀ, ತಗೊಂಡು ಹೋಗೆ, ನಿಮ್ಮನೇಲಿ ಹಿಟ್ಟು ಮುಗಿದಿರುತ್ತೆ" ಎಂದು ನನ್ನ ಸದ್ದಿಗಿಂತ ಮೇಲೆ ಕೂಗುತ್ತಿದ್ದಳು. ಶಶಿರೇಖಾ ಬಂದು ಡಬ್ಬ ಎತ್ತಿಕೊಂಡು ಹೋಗುತ್ತಿದ್ದಳು. ಅವಳ ಸುಮ್ಮಸುಮ್ಮನೆಯ ನಗು ಎಷ್ಟೋ ವರ್ಷ ನನಗೆ ಕೇಳಿಸಲಿಲ್ಲ.

ಆಮೇಲೆ ಬೀದಿ ಬದಲಾಗತೊಡಗಿತು. ಮೊದಲು ಹೋದದ್ದು ವಠಾರ. ಮಾಲೀಕನ ಮಕ್ಕಳು ಅದನ್ನು ಮಾರಿದರು. ಬಾಡಿಗೆಗಿದ್ದವರೆಲ್ಲ ಊರಾಚೆ, ಬಸ್ಸು ಕೊನೆಗೆ ನಿಂತು ತಿರುಗುವ ಜಾಗದಲ್ಲಿ ಮನೆ ಹುಡುಕಿಕೊಂಡು ಹೋದರು. ಹೊನ್ನಮ್ಮ ಹೋಗುವ ದಿನ ನನಗೆ ಹೂ ಮುಡಿಸಿ, "ರಾಗಿ ಬೀಸೋಕೆ ಇಲ್ಲಿಗೇ ಬರ್ತೀನಿ ಕಣಮ್ಮ, ಬೇರೆ ಕಡೆ ಬಾಯಿಗೆ ಹಿಡಿಸಲ್ಲ" ಎಂದಳು. ಹೇಳಿದ ಹಾಗೇ ಬರುತ್ತಿದ್ದಳು ಕೂಡ.

ವಠಾರದ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟು ಎದ್ದಿತು. ಅದರ ಹೆಸರನ್ನು ನಮ್ಮ ಬೀದಿಯವರು ಯಾರೂ ಸರಿಯಾಗಿ ಹೇಳಲಿಲ್ಲ. ಬೆಳಗ್ಗೆ ಚಡ್ಡಿ ತೊಟ್ಟವರು ದೊಡ್ಡ ದೊಡ್ಡ ನಾಯಿಗಳನ್ನು ಹಿಡಿದು ನಡೆಯತೊಡಗಿದರು. ಬಳೆ ಅಂಗಡಿ ಇದ್ದಲ್ಲಿ ಮಣ್ಣಿನ ಮಡಕೆ ಮಾರುವ ಅಂಗಡಿ ಬಂತು. ಆ ಮಡಕೆಗಳಲ್ಲಿ ಯಾರೂ ನೀರಿಡುವುದಿಲ್ಲ, ಅಡುಗೆ ಮಾಡುವುದಿಲ್ಲ ಎಂದು ಷಡಕ್ಷರಪ್ಪ ಬಂದು ಹೆಂಡತಿಗೆ ಹೇಳಿದ. ಹೊಸಬರು ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ತರಿಸುತ್ತಿದ್ದರು. ನನ್ನ ಮುಂದಿನ ಡಬ್ಬಗಳ ಸಾಲು ಗಿಡ್ಡವಾಯಿತು. ಕೆಲವು ದಿನ ಒಂದು ಡಬ್ಬ, ಎರಡು ಡಬ್ಬ. ಸರ್ವಮಂಗಳ ಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದಳು.

ಅವಳು ನೋಡುತ್ತಿದ್ದಂತೆಯೇ ಪಕ್ಕದವರ ಅದೃಷ್ಟ ಖುಲಾಯಿಸಿತು. ಯಾರಿಗೂ ಬೇಡವಾಗಿದ್ದ ಸೌದೆ ಡಿಪೋದ ಮುಂದೆ ಹೊಸಬರು ನಿಂತು ಫೋಟೋ ಹಿಡಿಯತೊಡಗಿದರು. ಆ ಕಲ್ಲಿನ ಗೋಡೆ, ಮಂಗಳೂರು ಹಂಚು, ಕಪ್ಪಾದ ಮರದ ತೊಲೆ ಅವರಿಗೆ ಎಲ್ಲಿಲ್ಲದ ಚಂದವಾಗಿ ಕಂಡಿತು. ಒಂದು ದಿನ ರಿತಿಕಾ ಎಂಬ ಹುಡುಗಿ ಬಂದು ಅದನ್ನು ಬಾಡಿಗೆಗೆ ಹಿಡಿದಳು. ಕಾಫಿ ಅಂಗಡಿ ಮಾಡುತ್ತಾಳಂತೆ. ಗೋಡೆಗೆ ಸುಣ್ಣವನ್ನೂ ಹಚ್ಚಿಸಲಿಲ್ಲ. "ಹೀಗೇ ಇರ್ಲಿ ಆಂಟಿ, ಇದೇ ಬ್ಯೂಟಿ" ಎಂದಳಂತೆ. ಶಶಿರೇಖಾ ಅದನ್ನು ಬಂದು ಹೇಳಿ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಆ ನಗು ಕೇಳಿಸಿತು. ಸರ್ವಮಂಗಳ ನಗಲಿಲ್ಲ.

ಕಾಫಿಯ ಯಂತ್ರ ಬಂದದ್ದು ಮರದ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ಹಾಗೆ ಕತ್ತರಿಸಿದ ಕಾಗದದ ಮೆತ್ತೆಯ ಮೇಲೆ. ಇಟಲಿಯದು ಎಂದು ಮಾತಾಡಿಕೊಂಡರು. ಕಿಂಡಿಗೆ ಬಡಿದಿದ್ದ ಹಲಗೆ ಒಣಗಿ ಬಿರಿದಿತ್ತು. ಆ ಬಿರುಕಿನಲ್ಲಿ ನಾನು ಅದನ್ನು ಮೊದಲ ಸಲ ನೋಡಿದೆ. ಮೈಯೆಲ್ಲ ಬೆಳ್ಳಿಯ ಹೊಳಪು. ಒಬ್ಬ ಹುಡುಗ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸುತ್ತಲೇ ಇದ್ದ. ನನ್ನನ್ನು ಒರೆಸಿದವರು ಯಾರು? ಆಯುಧಪೂಜೆಗೆ ಒಮ್ಮೆ ಹಳೆಯ ಪಂಚೆಯ ತುಂಡು, ಅಷ್ಟೆ. ಅದು ಮೆಲ್ಲಗೆ ಬುಸ್ ಎನ್ನುತ್ತಿತ್ತು, ಜನ ಮಾತು ನಿಲ್ಲಿಸಿ ಅದರ ಕಡೆ ನೋಡುತ್ತಿದ್ದರು. ಎರಡು ಗುಟುಕು ಕಾಫಿ ಬಸಿಯುವುದಕ್ಕೆ ಅಷ್ಟು ಮರ್ಯಾದೆ. ಒಂದು ಬೀದಿಗೆ ಮುದ್ದೆ ರೊಟ್ಟಿ ತಿನ್ನಿಸಿದ ನನಗೆ ಒಳಗಿನ ಕಲ್ಲೇ ಕಾದ ಹಾಗಾಯಿತು.

ಸರ್ವಮಂಗಳೆಯೂ ಅದೇ ಬಿರುಕಿಗೆ ಕಣ್ಣು ಹಚ್ಚುತ್ತಿದ್ದಳು. ಅವಳು ನೋಡುತ್ತಿದ್ದುದು ಯಂತ್ರವನ್ನಲ್ಲ, ಓರಗಿತ್ತಿಯನ್ನು. ಶಶಿರೇಖಾ ಸಂಜೆ ಅಲ್ಲಿ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದಳು. ಬಂದವರು ಅವಳಿಗೆ ನಮಸ್ತೆ ಹೇಳುತ್ತಿದ್ದರು. ಅವಳ ಮನೆಯ ಭಾಗಕ್ಕೆ ಹೊಸ ಗೇಟು ಬಂತು. ಉಮಾಪತಿ ಟೆಂಪೋ ಬಿಟ್ಟ. ಒಂದೇ ಮನೆಯ ಅರ್ಧಕ್ಕೆ ಬಣ್ಣ ಹೊಡೆಸಿದರೆ ಉಳಿದರ್ಧ ಹೇಗೆ ಕಾಣುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಇಷ್ಟೇ ಆಗಿದ್ದರೆ ಸರ್ವಮಂಗಳ ನುಂಗಿಕೊಳ್ಳುತ್ತಿದ್ದಳೇನೋ. ಒಂದು ದಿನ ಗೋಧಿ ಬೀಸಿಸಲು ಬಂದ ಇಬ್ಬರು ಹೆಂಗಸರು ನಿಂತಿರುವಾಗಲೇ ಶಶಿರೇಖಾ ಒಂದು ಬಿಳಿ ಡಬ್ಬಿ ಹಿಡಿದು ಬಂದಳು.

"ಅಕ್ಕ, ಕೇಕು. ಅಂಗಡೀಲಿ ಉಳಿದಿತ್ತು, ನಿಮಗಿರಲಿ ಅಂತ ತಂದೆ" ಎಂದು ನನ್ನ ಸದ್ದಿಗಿಂತ ಮೇಲೆ ಕೂಗಿ ಹೇಳಿದಳು.

ಸರ್ವಮಂಗಳ ಎರಡು ಕೈಯಲ್ಲೂ ತೆಗೆದುಕೊಂಡಳು. ಬಂದವರ ಎದುರು ಬೇಡ ಎನ್ನುವುದಕ್ಕಾಗುತ್ತದೆಯೇ? ಅವಳು ತಿನ್ನಲಿಲ್ಲ. ಷಡಕ್ಷರಪ್ಪ ತಿಂದು, "ಚೆನ್ನಾಗಿದೆ ಕಣೆ, ಒಳ್ಳೆ ಹತ್ತಿ ಹತ್ತಿ ಥರ" ಎಂದ. ಅವಳು ಗಂಡನ ಜೊತೆ ಎರಡು ದಿನ ಮಾತಾಡಲಿಲ್ಲ. ಆಮೇಲೆ ಬಿಳಿ ಡಬ್ಬಿ ವಾರವಾರವೂ ಬಂತು.

ಒಂದು ಸಂಜೆ ಯಾರದೋ ರಾಗಿ ಮುಗಿದಿತ್ತು. ಸರ್ವಮಂಗಳ ಏನೋ ಯೋಚನೆಯಲ್ಲಿ ನನ್ನನ್ನು ನಿಲ್ಲಿಸಲಿಲ್ಲ. ಕಾಳಿಲ್ಲದೆ ನನ್ನ ಎರಡು ಕಲ್ಲೂ ಒಂದಕ್ಕೊಂದು ತಾಗಿ ಕಿರುಗುಟ್ಟಿದವು. ನೆಲ ಅದುರಿತು, ಗೋಡೆ ಅದುರಿತು. ಆಚೆ ಏನೋ ಫಳಾರೆಂದು ಒಡೆದ ಸದ್ದು. ಅವಳು ಓಡಿಹೋಗಿ ಬಿರುಕಿನಲ್ಲಿ ನೋಡಿದಳು. ಕಪಾಟಿನ ಮೇಲಿನ ಕಪ್ಪುಗಳು ಗಡಗಡ ನಡುಗುತ್ತಿದ್ದವು, ಒಂದು ಕೆಳಗೆ ಬಿದ್ದಿತ್ತು. ಕೂತಿದ್ದವರೆಲ್ಲ ತಲೆಯೆತ್ತಿ ಗೋಡೆಯ ಕಡೆ ನೋಡುತ್ತಿದ್ದರು. ಕಾಫಿಯ ಯಂತ್ರದ ಕಡೆ ಯಾರೂ ನೋಡುತ್ತಿರಲಿಲ್ಲ.

ಸರ್ವಮಂಗಳ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಣಿಯುವ ಹಾಗೆ ನಕ್ಕಳು.

ಮರುದಿನ ಕಾಫಿ ಅಂಗಡಿ ತುಂಬುವ ಹೊತ್ತಿಗೆ ಅವಳೇ ಬಂದು ನನ್ನನ್ನು ಖಾಲಿ ತಿರುಗಿಸಿದಳು. ಅದರ ಮರುದಿನವೂ. ಅದು ದಿನದ ಪೂಜೆಯಂತಾಯಿತು. ಷಡಕ್ಷರಪ್ಪ ಬಾಗಿಲಾಚೆಯಿಂದಲೇ ಕೂಗುತ್ತಿದ್ದ: "ಕಾಳಿಲ್ದೆ ಓಡಿಸ್ಬೇಡ ಕಣೆ. ಕಲ್ಲು ಹಾಳಾಗುತ್ತೆ."

"ನನ್ನ ಗಿರಣಿ. ನಾನು ಓಡಿಸ್ತೀನಿ."

"ಕರೆಂಟು ದಂಡ."

"ಅವರ ಕೇಕು ತಿನ್ನೋರಿಗೆ ಕರೆಂಟಿನ ಚಿಂತೆ ಯಾಕೆ?"

ನನಗೆ ನೋಯುತ್ತಿತ್ತು. ಕಾಳಿದ್ದರೆ ಕಲ್ಲಿಗೆ ಅದೇ ಮೆತ್ತೆ, ಅದೇ ಎಣ್ಣೆ. ಇಲ್ಲದಿದ್ದರೆ ಕಲ್ಲು ತನ್ನನ್ನೇ ತಿನ್ನುತ್ತದೆ. ಆದರೂ ಆಚೆ ಆ ಬೆಳ್ಳಿ ಮೈಯ ಪಕ್ಕದ ಕಪ್ಪುಗಳು ನಡುಗುವುದನ್ನು ಕೇಳುವಾಗ ನಾನು ಇನ್ನೂ ಜೋರಾಗಿ ತಿರುಗಲು ನೋಡುತ್ತಿದ್ದೆ. ಅವಳ ಉರಿಯೂ ನನ್ನ ಉರಿಯೂ ಒಂದೇ ಬೆಲ್ಟಿನ ಮೇಲೆ ಓಡುತ್ತಿದ್ದ ದಿನಗಳು ಅವು.

ಒಂದು ಬೆಳಗ್ಗೆ ಹೊನ್ನಮ್ಮ ಬಂದಳು. ಹೂವಿನ ಬುಟ್ಟಿ ಇರಲಿಲ್ಲ. ಹಿಂದಿನ ವಾರ ಬೀಸಿಸಿಕೊಂಡು ಹೋಗಿದ್ದ ಹಿಟ್ಟಿನ ಡಬ್ಬವನ್ನು ಹಾಗೇ ತಂದಿದ್ದಳು. ಮುಚ್ಚಳ ತೆಗೆದು ಸರ್ವಮಂಗಳೆಯ ಮುಂದೆ ಹಿಡಿದಳು.

"ಮೊಮ್ಮಗೂಗೆ ರಾಗಿ ಸರಿ ಮಾಡಿ ತಿನ್ಸಿದ್ವಿ. ಬಾಯಲ್ಲಿ ಕರಕರ ಅಂತು. ಉಗಿದುಬಿಡ್ತು ಮಗು."

ಸರ್ವಮಂಗಳ ಒಂದು ಚಿಟಿಕೆ ಹಿಟ್ಟು ನಾಲಿಗೆಯ ಮೇಲಿಟ್ಟುಕೊಂಡಳು. ಅವಳ ಹಲ್ಲಿನ ನಡುವೆ ನನ್ನ ಕಲ್ಲಿನ ಪುಡಿ ಕಿರ್ ಎಂದದ್ದು ನನಗೇ ಕೇಳಿಸಿತು.

"ಅಷ್ಟು ದೂರದಿಂದ ಬಸ್ಸು ಬದಲಾಯಿಸ್ಕೊಂಡು ಬರ್ತೀನಿ ಮಂಗಳಮ್ಮ" ಎಂದಳು ಹೊನ್ನಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಲ್ಲು ಸವೆದಿದೆ, ಉಳಿ ಹಾಕ್ಸಮ್ಮ" ಎಂದು ಹೇಳಿ ಡಬ್ಬ ಅಲ್ಲೇ ಬಿಟ್ಟುಹೋದಳು. ಅವತ್ತು ನನಗೆ ಹೂ ಇಲ್ಲ.

ಸರ್ವಮಂಗಳ ಆ ದಿನವೆಲ್ಲ ನನ್ನ ಹತ್ತಿರ ಬರಲಿಲ್ಲ. ನಾಚಿಕೆ ಇನ್ನೂ ಸ್ವಲ್ಪ ದಿನ ಅವಳಲ್ಲಿ ಉಳಿದಿದ್ದರೆ ಕತೆ ಬೇರೆಯಾಗುತ್ತಿತ್ತು. ಅಷ್ಟರಲ್ಲಿ ಸರ್ಕಾರಿ ಕಚೇರಿಯ ಇಬ್ಬರು ಬಂದರು. ಸದ್ದು ಅಳೆಯುವ ಪುಟ್ಟ ಡಬ್ಬಿಯಂಥದ್ದನ್ನು ನನ್ನ ಮುಂದೆ ಹಿಡಿದರು. ದೂರು ಬಂದಿದೆ ಎಂದರು. ಇದು ಈಗ ಮನೆಗಳಿರುವ ಜಾಗ, ಇಂಥ ಮೋಟಾರು ಇಲ್ಲಿ ನಡೆಸುವ ಹಾಗಿಲ್ಲ, ಮುಂದಿನ ಆದೇಶದವರೆಗೆ ನಿಲ್ಲಿಸಿ ಎಂದರು.

"ಯಾರು ಕೊಟ್ಟಿದ್ದು?" ಎಂದಳು ಸರ್ವಮಂಗಳ.

"ಅದನ್ನ ಹೇಳೋ ಹಾಗಿಲ್ಲಮ್ಮ."

ಹೇಳದೆ ಇದ್ದರೂ ಅವಳಿಗೆ ಸಂಶಯವಿರಲಿಲ್ಲ. ತಲೆಯ ಟವೆಲು ಬಿಚ್ಚದೆ, ಹಿಟ್ಟಿನ ಸೀರೆಯಲ್ಲೇ ಕಾಫಿ ಅಂಗಡಿಗೆ ಹೋದಳು. ಬಿರುಕಿನಲ್ಲಿ ನನಗೆಲ್ಲ ಕಾಣಿಸುತ್ತಿತ್ತು. ಅವಳು ಆ ಬಾಗಿಲು ದಾಟಿದ್ದು ಅದೇ ಮೊದಲು. ಕೂತಿದ್ದವರು ಅವಳನ್ನು ನೋಡಿದರು. ರಿತಿಕಾ ಓಡಿಬಂದು, "ಬನ್ನಿ ಆಂಟಿ, ಕೂತ್ಕೊಳಿ" ಎಂದಳು. ಸರ್ವಮಂಗಳ ಅವಳನ್ನು ದಾಟಿ ಮೂಲೆಯ ಕುರ್ಚಿಯ ಹತ್ತಿರ ಹೋಗಿ ನಿಂತಳು.

"ಅವರನ್ನ ನೀನೇ ಕಳಿಸಿದ್ದಾ?"

ಶಶಿರೇಖಾ ಎದ್ದು ನಿಂತಳು. "ಹೂಂ ಅಕ್ಕ. ನಾನೇ."

ಇಲ್ಲ ಎನ್ನುತ್ತಾಳೆಂದು ಸರ್ವಮಂಗಳ ಕಾದಿದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡು, "ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲ ಶಶಿ. ನಿನಗೆ ಅನ್ನ ಇಲ್ದೆ ಇದ್ದಾಗ ವಾರವಾರ ಹಿಟ್ಟು ಕೊಟ್ಟೋಳು ನಾನು" ಎಂದಳು.

"ಕೊಟ್ರಿ. ಬೀದಿಗೆಲ್ಲ ಕೇಳೋ ಹಾಗೆ ಕೂಗಿ ಕೊಟ್ರಿ. ಆ ಹಿಟ್ಟಿನ ರೊಟ್ಟಿ ಒಂದು ದಿನಾನೂ ನನ್ನ ಗಂಟಲಲ್ಲಿ ಸಲೀಸಾಗಿ ಇಳೀಲಿಲ್ಲ ಅಕ್ಕ." ಶಶಿರೇಖಾಳ ದನಿ ಏರಲಿಲ್ಲ. "ನಾನೂ ಅದಕ್ಕೇ ಕೇಕು ತಂದೆ. ಹೇಗಿರುತ್ತೆ ಅಂತ ನಿಮಗೂ ಗೊತ್ತಾಗಲಿ ಅಂತ."

"ಗೊತ್ತಾಯ್ತು" ಎಂದಳು ಸರ್ವಮಂಗಳ.

ಇಬ್ಬರೂ ಅಷ್ಟು ಹತ್ತಿರ ನಿಂತದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಸರ್ವಮಂಗಳೆಯ ಸೀರೆಯಿಂದ ಉದುರಿದ ಹಿಟ್ಟು ಶಶಿರೇಖಾಳ ರವಿಕೆಯ ತೋಳಿನ ಮೇಲೆ ಕೂತಿತ್ತು. ಅವಳು ಕೊಡವಿಕೊಳ್ಳಲಿಲ್ಲ. ಆದರೆ ಯಾರೂ ಸೋಲಲಿಲ್ಲ. ಸರ್ವಮಂಗಳ ತಿರುಗಿ ಬಂದು ನನ್ನ ಮೋಟಾರಿನ ಸ್ವಿಚ್ಚಿಗೆ ಒಂದು ಗೋಣಿಯ ತುಂಡು ಕಟ್ಟಿದಳು.

ನಾನು ನಿಂತೆ. ಜೇಡ ಬಟ್ಟೆಯ ತೋಳಿನೊಳಗೆ ಮನೆ ಮಾಡಿತು. ಆಚೆ ಬುಸ್ ಎನ್ನುವ ಸದ್ದು ಮಾತ್ರ ದಿನವೂ ಕೇಳುತ್ತಿತ್ತು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಬಿಲ್ಡರ್ ಬಂದ. ಅವನಿಗೆ ಗಿರಣಿಯೊಂದೇ ಸಾಲದು, ಕಾಫಿ ಅಂಗಡಿಯೊಂದೇ ಸಾಲದು. ಎರಡೂ ಸೇರಿ, ಅಣ್ಣತಮ್ಮಂದಿರ ಮನೆಯೂ ಸೇರಿ ಒಂದೇ ಜಾಗವಾದರೆ ಮಾತ್ರ ಕಟ್ಟಡ ಏಳುತ್ತದೆ ಎಂದ. ಹಿರಿಯರು ಚಾಪೆ ಹಾಸಿ ಎರಡು ಮಾಡಿದ್ದನ್ನು ಅವನು ನಿಂತ ನಿಲುವಿನಲ್ಲಿ ಒಂದು ಮಾಡಿದ. ಅಣ್ಣತಮ್ಮಂದಿರು ಮಾತಾಡಿಕೊಂಡರು. ಉಬ್ಬಸದ ಷಡಕ್ಷರಪ್ಪನಿಗೆ ಧೂಳಿಲ್ಲದ ಮನೆ ಸಿಕ್ಕರೆ ಸಾಕಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಫ್ಲಾಟು, ಒಂದೇ ಮಹಡಿಯಲ್ಲಿ. ರಿತಿಕಾಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿದರು. ಅವಳು ಗೋಡೆ ಮುಟ್ಟಿಕೊಂಡು ಅತ್ತಳು ಎಂದು ಷಡಕ್ಷರಪ್ಪ ಹೇಳಿದಾಗ ಸರ್ವಮಂಗಳ, "ಎರಡು ದಿನ ಇದ್ದೋಳು ಅವಳೇ ಅತ್ರೆ" ಎಂದು ನನ್ನ ಕಡೆ ತಿರುಗಿದಳು.

ಉಳಿದದ್ದು ನಾನು. ಹೊನ್ನಮ್ಮನಿಗೆ ಸುದ್ದಿ ಮುಟ್ಟಿ ಅವಳು ಬಂದಳು. ತಮ್ಮ ಕಡೆ ಒಳ್ಳೆಯ ಗಿರಣಿ ಇಲ್ಲ, ಸೊಸೆ ಸುಕನ್ಯ ನಡೆಸುತ್ತಾಳೆ, ಕೊಡಿ ಎಂದು ಕೇಳಿದಳು.

"ಗುಜರಿಗೆ ಹಾಕ್ತೀನಿ. ಇನ್ನೊಬ್ಬಳ ಕೈಗೆ ಕೊಡಲ್ಲ" ಎಂದಳು ಸರ್ವಮಂಗಳ.

ಹೊನ್ನಮ್ಮ ನನ್ನ ಕಡೆ ಒಮ್ಮೆ ನೋಡಿ ಹೊರಟಳು. ಸರ್ವಮಂಗಳ ಹೇಳಿದ ಹಾಗೇ ಆ ಕ್ಷಣವೇ ಬೀದಿಕೊನೆಯ ಗುಜರಿಯವನನ್ನು ಕರೆಸಿದಳು. ಅವನು ದೊಡ್ಡ ಸುತ್ತಿಗೆ ತಂದು ನನ್ನ ಪಕ್ಕದಲ್ಲಿ ಊರಿದ. ಇಡಿಯಾಗಿ ಹೊರಲಾಗುವುದಿಲ್ಲ, ಒಡೆದು ಒಯ್ಯುತ್ತೇನೆ ಎಂದ. ನನ್ನ ತಗಡಿನ ಬಾಯಿಯನ್ನು ಕಿತ್ತು ಪಕ್ಕಕ್ಕಿಟ್ಟ. ಸರ್ವಮಂಗಳ ಬೀದಿಯ ಕಡೆ ಮುಖ ಮಾಡಿ ನಿಂತಿದ್ದಳು.

ಸದ್ದು ಕೇಳಿ ಶಶಿರೇಖಾ ಬಂದಳು. ಕೈಯಲ್ಲಿ ತರಕಾರಿ ಹೆಚ್ಚುತ್ತಿದ್ದ ಚಾಕು ಹಾಗೇ ಇತ್ತು. ಗುಜರಿಯವನು ಒಂದು ಹೆಜ್ಜೆ ಹಿಂದೆ ಸರಿದ.

"ಒಡೀಬೇಡಪ್ಪ" ಎಂದು ಅವನಿಗೆ ಹೇಳಿ ಓರಗಿತ್ತಿಯ ಕಡೆ ತಿರುಗಿದಳು. "ಗುಜರಿಗೆ ಹಾಕೋದಾದ್ರೆ ನನಗೆ ಕೊಡಿ ಅಕ್ಕ."

"ನಿನಗ್ಯಾಕೆ? ನಿನ್ನ ಫ್ಲಾಟಲ್ಲಿ ಇಟ್ಕೋತೀಯಾ?"

"ಇಟ್ಕೋತೀನಿ. ಬೇಡ ಅಂದ್ರೆ ಗೇಟ್ ಹತ್ರ ಇಟ್ಕೋತೀನಿ. ಮಾವ ತಂದಿದ್ದು ಇದು. ನಾನೂ ಇದರ ತೋಳು ಹೊಲಿದಿದ್ದೀನಿ."

ಸರ್ವಮಂಗಳೆಯ ಮುಖದ ಮೇಲೆ ಏನೇನು ಹಾದುಹೋಯಿತೆಂದು ನಾನು ಕೆಳಗಿನಿಂದ ನೋಡಿದೆ. ಓರಗಿತ್ತಿ ನನ್ನನ್ನು ತೆಗೆದುಕೊಂಡು ಹೋಗಿ ಗೇಟಿನ ಹತ್ತಿರ ನಿಲ್ಲಿಸಿಕೊಳ್ಳುವುದು, ಬಂದುಹೋಗುವವರು ಅದು ಶಶಿರೇಖಾಳ ಗಿರಣಿ ಎನ್ನುವುದು, ತಾನು ದಿನವೂ ಅದನ್ನು ದಾಟಿ ಓಡಾಡುವುದು. ಅವಳಿಗೆ ಅದು ಆಗದು. ನನ್ನನ್ನು ಒಡೆಯುವುದಕ್ಕಿಂತ ಹೆಚ್ಚಾಗಿ ಅದು ಆಗದು.

"ರೀ" ಎಂದು ಗಂಡನನ್ನು ಕೂಗಿದಳು. "ಹೊನ್ನಮ್ಮ ಇನ್ನೂ ಬಸ್‌ಸ್ಟಾಪಲ್ಲೇ ಇರ್ತಾಳೆ. ಕರ್ಕೊಂಡು ಬನ್ನಿ. ಇದನ್ನ ಅವಳಿಗೇ ಕೊಟ್ಟಾಯ್ತು."

ನಾನು ಬದುಕಿದ್ದು ಪ್ರೀತಿಯಿಂದಲ್ಲ. ಒಬ್ಬಳಿಗೆ ಸಿಗಬಾರದು ಎಂಬ ಇನ್ನೊಬ್ಬಳ ಹಟದಿಂದ. ಹೊಟ್ಟೆಕಿಚ್ಚಿನ ಬಗ್ಗೆ ಯಾರಾದರೂ ಕೆಟ್ಟದಾಗಿ ಮಾತಾಡಿದರೆ ನಾನು ಪೂರ್ತಿ ಒಪ್ಪದೆ ಇರುವುದು ಅದಕ್ಕೇ.

ಈಗ ನಾನಿರುವುದು ಊರಾಚೆ, ಶೀಟಿನ ಮಾಡಿನ ಒಂದು ಕೋಣೆಯಲ್ಲಿ. ಸುಕನ್ಯ ಹೊಸ ಕಲ್ಲು ಹಾಕಿಸಿದಳು. ಮೊದಮೊದಲು ಅವು ಪರರ ಹಲ್ಲಿನಂತಿದ್ದವು, ಆಮೇಲೆ ರೂಢಿಯಾದವು. ಹಸಿರು ಬಣ್ಣ ಪೂರ್ತಿ ಹೋಗಿ ಕಬ್ಬಿಣ ಕಾಣುತ್ತಿದೆ. ವಠಾರದಲ್ಲಿದ್ದವರು ಬಹಳ ಮಂದಿ ಇಲ್ಲೇ ಸುತ್ತಮುತ್ತ ಇದ್ದಾರೆ. ನನ್ನನ್ನು ನೋಡಿ, "ಅಯ್ಯೋ, ನಮ್ಮ ಬೀದೀದು" ಎನ್ನುತ್ತಾರೆ. ಸಂಜೆಯಾದರೆ ಡಬ್ಬಗಳ ಸಾಲು. ಆದರೂ ಇಲ್ಲಿಯೂ ಎಷ್ಟು ದಿನವೋ. ಎದುರಿನ ಹೊಲದಲ್ಲಿ ಸೈಟು ಅಳೆದು ಬಿಳಿ ಕಲ್ಲು ನೆಟ್ಟಿದ್ದಾರೆ. ಮೊನ್ನೆ ಒಂದು ದೊಡ್ಡ ನಾಯಿಯನ್ನು ಹಿಡಿದು ಯಾರೋ ನಡೆದುಹೋದರು.

ಕಳೆದ ತಿಂಗಳು ಆ ಇಬ್ಬರೂ ಬಂದರು. ಮೊದಲು ನನಗೆ ನಂಬಿಕೆ ಬರಲಿಲ್ಲ. ಬಸ್ಸಿನಿಂದ ಇಳಿದು ಒಂದೇ ಚೀಲದ ಎರಡು ಹಿಡಿಗಳನ್ನು ಒಬ್ಬೊಬ್ಬರು ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ಬಂದರು. ಅವರದು ಈಗ ಎದುರುಬದುರು ಬಾಗಿಲ ಫ್ಲಾಟುಗಳಂತೆ. ಶಶಿರೇಖಾಳ ಕಡೆ ಬೆಳಗಿನ ಬಿಸಿಲು ಬರುತ್ತದಂತೆ, ಸರ್ವಮಂಗಳೆಯ ಕಡೆ ಬರುವುದಿಲ್ಲವಂತೆ. ಸಾಲಿನಲ್ಲಿ ನಿಂತ ಹೆಂಗಸರಿಗೆ ಸರ್ವಮಂಗಳ ಅದನ್ನೇ ಹೇಳುತ್ತಿದ್ದಳು. ಪ್ಯಾಕೆಟ್ಟಿನ ಹಿಟ್ಟಿನ ಮುದ್ದೆ ಷಡಕ್ಷರಪ್ಪನಿಗೂ ಸೇರಲಿಲ್ಲ, ಉಮಾಪತಿಗೂ ಸೇರಲಿಲ್ಲ. ಅದಕ್ಕೇ ಬಂದದ್ದು.

ಶಶಿರೇಖಾ ಹೊನ್ನಮ್ಮನಿಗೆ ಹಳೆಯ ಸುದ್ದಿಗಳನ್ನೆಲ್ಲ ಹೇಳಿದಳು. ರಿತಿಕಾ ಬೇರೆ ಕಡೆ ಅಂಗಡಿ ಇಟ್ಟಿದ್ದಾಳೆ. "ಆ ಕಾಫಿ ಮಿಷನ್ನು ಇಲ್ವಂತೆ ಈಗ. ಕೆಟ್ಟೋಯ್ತಂತೆ, ಪಾರ್ಟು ಸಿಗಲಿಲ್ವಂತೆ. ಗುಜರಿಗೆ ಹಾಕ್ಬಿಟ್ಳಂತೆ."

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಷ್ಟು ಹೊಳೆಯುತ್ತಿದ್ದದ್ದು ಇಷ್ಟು ಬೇಗ ಹೋಯಿತೇ ಎನ್ನಿಸಿತು. ಅದರ ಮೇಲೆ ಉರಿದು ಉರಿದು ಅದು ನನ್ನ ಮನೆಯದೇ ಏನೋ ಆಗಿಬಿಟ್ಟಿತ್ತು.

ಅವರ ಸರದಿ ಬಂತು. ಸುಕನ್ಯ ಹಾಡು ಗುನುಗುತ್ತ ರಾಗಿಯನ್ನು ನನ್ನ ಬಾಯಿಗೆ ಸುರಿದಳು. ತಿರುಪು ಬಿಗಿದಳು. ಸುರಿದಾದ ಮೇಲೆ ದನದ ಮೈ ತಟ್ಟಿದ ಹಾಗೆ ನನ್ನ ಮೈಯನ್ನು ಎರಡು ಸಲ ತಟ್ಟಿದಳು. ಅದು ಅವಳ ಅಭ್ಯಾಸ.

ಸರ್ವಮಂಗಳೆಯ ಮುಖ ಬಿಗಿಯಿತು. "ಇದು ನಮ್ಮ ಗಿರಣಿ" ಎಂದಳು.

"ಗೊತ್ತಮ್ಮ, ಅತ್ತೆ ಹೇಳಿದ್ದಾರೆ" ಎಂದು ಸುಕನ್ಯ ನಕ್ಕಳು. "ಈಗ ನಮ್ಮದು."

ಹಿಟ್ಟಿನ ಡಬ್ಬ ಚೀಲಕ್ಕಿಳಿಸಿಕೊಂಡು ಇಬ್ಬರೂ ಬಾಗಿಲ ಹತ್ತಿರ ಹೋಗಿ ನಿಂತರು. ಹೋಗಲಿಲ್ಲ. ಒಳಗೆ ನೋಡುತ್ತ ನಿಂತಿದ್ದರು. ಸುಕನ್ಯ ಮುಂದಿನವರ ಜೋಳ ಹಾಕಿ ಮತ್ತೆ ನನ್ನನ್ನು ತಟ್ಟಿದಳು.

"ಅವಳ ಕೈ ಒರಟು ಅಲ್ವಾ ಅಕ್ಕ" ಎಂದಳು ಶಶಿರೇಖಾ ಮೆಲ್ಲಗೆ.

"ಒರಟು" ಎಂದಳು ಸರ್ವಮಂಗಳ. "ನಮ್ಮ ಥರ ಬರಲ್ಲ ಬಿಡು ಯಾರಿಗೂ."

ಸುಕನ್ಯಳ ಕೈ ಒರಟಲ್ಲ. ಅವರಿಬ್ಬರ ಕೈಗಿಂತಲೂ ಮೆದು. ಕಲ್ಲಿಗೆ ನೋವಾಗದ ಹಾಗೆ ತಿರುಪು ಬಿಗಿಯುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಆದರೆ ಆ ಹೊತ್ತಿಗೆ ನನಗೆ ನ್ಯಾಯ ಬೇಕಾಗಿರಲಿಲ್ಲ. ಪಾಲಿನ ದಿನ ಒಬ್ಬಳು ಉರಿದದ್ದು ಆಸ್ತಿಗಾಗಿ, ಆಮೇಲೆ ಇನ್ನೊಬ್ಬಳು ಉರಿದದ್ದು ಬಾಡಿಗೆಗಾಗಿ, ಬಣ್ಣಕ್ಕಾಗಿ. ಇವತ್ತು ಇಬ್ಬರೂ ಜೊತೆಗೆ ನಿಂತು ಉರಿಯುತ್ತಿರುವುದು ನನಗಾಗಿ. ಈ ಮುದಿ ಕಬ್ಬಿಣಕ್ಕಾಗಿ. ಬಸ್ಸು ಬಂದು ಹಾರನ್ ಮಾಡುವವರೆಗೂ ಅವರು ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಅವತ್ತು ಜೋಳವನ್ನು ಎಂದಿಗಿಂತ ನುಣ್ಣಗೆ ಬೀಸಿದೆ.